ಅಘನಾಶಿನಿ, ಶರಾವತಿ: ಒಂದೇ ಕರಾವಳಿಯ ಎರಡು ಅಳಿವೆಗಳು

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಘನಾಶಿನಿ ಕಡಲು ಸೇರುವ ಜಾಗಕ್ಕೂ ಶರಾವತಿ ಕಡಲು ಸೇರುವ ಜಾಗಕ್ಕೂ ನಡುವೆ ಇರುವುದು ಸುಮಾರು 25 ಕಿಲೋಮೀಟರ್ ದೂರ. ಎರಡೂ ನದಿಗಳು ಘಟ್ಟದ ಮೇಲೆ ಹುಟ್ಟುತ್ತವೆ, ಎರಡರ ಉದ್ದವೂ 120 ಕಿಲೋಮೀಟರಿನ ಆಸುಪಾಸಿನಲ್ಲಿದೆ, ಎರಡೂ ಘಟ್ಟದ ಅಂಚಿನಿಂದ ಧುಮುಕಿಯೇ ಕರಾವಳಿಗೆ ಇಳಿಯುತ್ತವೆ. ಒಂದು ಉಂಚಳ್ಳಿಯಲ್ಲಿ, ಇನ್ನೊಂದು ಜೋಗದಲ್ಲಿ. ಶರಾವತಿಯ ಜಲಾನಯನ ಪ್ರದೇಶ ದೊಡ್ಡದು ಎಂಬುದನ್ನು ಬಿಟ್ಟರೆ ಮಳೆಯಲ್ಲಾಗಲಿ, ಮಣ್ಣಿನಲ್ಲಾಗಲಿ, ಕಡಲಿನ ಉಬ್ಬರವಿಳಿತದಲ್ಲಾಗಲಿ ಇವೆರಡರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಆದರೆ ಅಳಿವೆಗೆ ಬಂದು ನೋಡಿದರೆ ಎರಡೂ ಕಡೆ ಬೇರೆ ಬೇರೆ ಜೀವಲೋಕವಿದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು, ಚಿಪ್ಪಿಕಲ್ಲು ಎಂಬ ಎರಡು ಚಿಪ್ಪಿನ ಜೀವಿಗಳ ಸಮೃದ್ಧ ಬೆಳೆಯಿದೆ. ಶರಾವತಿಯಲ್ಲಿ ಅದು ಬಹುತೇಕ ಕಳೆದುಹೋಗಿದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಎರಡೂ ಕಡೆ ಇವೆ, ಆದರೆ ಅವುಗಳ ಜಾತಿಗಳು ಒಂದೇ ಅಲ್ಲ. ಇದಕ್ಕೆ ಕಾರಣ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮತ್ತು ಅದರ ಬೆನ್ನಿಗೆ ಬಂದ ವಿದ್ಯುತ್ ಯೋಜನೆಗಳ ಸರಣಿ. ಅಘನಾಶಿನಿಗೆ ಮೂಲದಿಂದ ಕಡಲಿನವರೆಗೆ ಅಂಥದ್ದೊಂದು ಅಡ್ಡಗೋಡೆ ಬಂದಿಲ್ಲ.

ಪರಿಸರ ಬದಲಾದಾಗ ನೆಲ, ನೀರು, ಜೀವಿಗಳು ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೆ ಇಂಥ ಜೋಡಿ ಸಿಗುವುದು ಅಪರೂಪ. ಘಟ್ಟದ ನದಿಗಳನ್ನು ಪೂರ್ವಕ್ಕೆ ತಿರುಗಿಸುವ ಮಾತು, ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ, ಅಳಿವೆಗಳ ಬಾಯಲ್ಲಿ ಬಂದರುಗಳ ಪ್ರಸ್ತಾವ, ಇವೆಲ್ಲ ಒಟ್ಟಿಗೆ ಚರ್ಚೆಗೆ ಬಂದಿರುವ ಈ ಹೊತ್ತಿನಲ್ಲಿ ಆ ಜೋಡಿ ನಮಗೇನು ತೋರಿಸಿಕೊಟ್ಟಿದೆ ಎಂಬುದನ್ನು ಗಮನವಿಟ್ಟು ನೋಡುವುದು ಅಗತ್ಯ. ಈ ಚರ್ಚೆಗಳಲ್ಲಿ ನದಿಯನ್ನು ಅಳೆಯುತ್ತಿರುವುದು ಟಿಎಂಸಿ ಲೆಕ್ಕದಲ್ಲಿ, ಅಂದರೆ ವರ್ಷಕ್ಕೆ ಎಷ್ಟು ನೀರು ಹರಿಯಿತು ಎಂಬ ಒಂದೇ ಅಂಕಿಯಲ್ಲಿ. ಅಳಿವೆ ಬದುಕುವುದಾದರೋ ಯಾವ ತಿಂಗಳಲ್ಲಿ ಎಷ್ಟು ಸಿಹಿನೀರು ಬಂತು, ಯಾವ ತಿಂಗಳಲ್ಲಿ ಉಪ್ಪುನೀರು ಎಲ್ಲಿಯವರೆಗೆ ಏರಿತು ಎಂಬುದರ ಮೇಲೆ. ನನ್ನ ದೃಷ್ಟಿಯಲ್ಲಿ ಇಡೀ ವಾದದ ಗಂಟು ಇರುವುದು ಇಲ್ಲಿಯೇ.

ಅಘನಾಶಿನಿಯ ಒಂದು ವರ್ಷವನ್ನು ತೆಗೆದುಕೊಳ್ಳೋಣ. ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಘಟ್ಟದಿಂದ ಇಳಿದ ಕೆಂಪು ನೀರು ಅಳಿವೆಯನ್ನು ತುಂಬಿ ಉಪ್ಪುನೀರನ್ನು ಕಡಲಿಗೆ ತಳ್ಳುತ್ತದೆ. ಮಳೆ ಜೋರಾದ ದಿನಗಳಲ್ಲಿ ಅಳಿವೆಯ ಬಾಯಲ್ಲಿರುವ ತದಡಿಯ ಸಮೀಪದಲ್ಲೂ ಮೇಲ್ಪದರದ ನೀರು ಸಿಹಿಯಾಗಿಬಿಡುತ್ತದೆ. ಸೆಪ್ಟೆಂಬರ್ ಕಳೆದು ಹೊಳೆ ಇಳಿಯುತ್ತಿದ್ದಂತೆ ಉಪ್ಪುನೀರು ಹಿಂದಿರುಗುತ್ತದೆ, ಅದೂ ತಳದಿಂದ. ಉಪ್ಪುನೀರು ಭಾರವಾದ್ದರಿಂದ ಸಿಹಿನೀರಿನ ಅಡಿಯಲ್ಲಿ ನುಗ್ಗಿ, ಪ್ರತಿ ಉಬ್ಬರಕ್ಕೂ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸಾಗುತ್ತದೆ. ಕಡಲನೀರಿನಲ್ಲಿ ಒಂದು ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಅಳಿವೆಯ ಬಾಯಿಯ ಸುತ್ತಲಿನ ನೀರು ಆ ಮಟ್ಟಕ್ಕೆ ಹತ್ತಿರವಾಗುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ತಯಾರಾಗುವುದು ಇದೇ ಬೇಸಿಗೆಯಲ್ಲಿ, ಇದೇ ನೀರಿನಿಂದ. ಬೇಸಿಗೆಯಲ್ಲಿ ಉಪ್ಪು ಕೊಡುವ ಈ ಅಳಿವೆಯ ದಂಡೆಯಲ್ಲೇ ಮಳೆಗಾಲದಲ್ಲಿ ಭತ್ತ ಬೆಳೆಯುತ್ತದೆ.

ಆ ಭತ್ತದ ಹೆಸರು ಕಗ್ಗ. ಮಾಣಿಕಟ್ಟಾ ಮೊದಲಾದ ಊರುಗಳ ಗಜನಿ ಗದ್ದೆಗಳಲ್ಲಿ, ಅಂದರೆ ಉಬ್ಬರದ ಉಪ್ಪುನೀರು ತಲುಪುವ ತಗ್ಗಿನ ಗದ್ದೆಗಳಲ್ಲಿ, ಬೆಳೆಯುವ ಎತ್ತರದ ತಳಿ ಇದು. ಉಪ್ಪನ್ನು ಸಹಿಸುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ, ಗೊಬ್ಬರವನ್ನು ಬೇಡುವುದಿಲ್ಲ. ಆದರೆ ಕಗ್ಗದ ಸಹಿಷ್ಣುತೆಗೂ ಒಂದು ಹೊತ್ತುಗೊತ್ತಿದೆ. ಬೇಸಿಗೆಯಲ್ಲಿ ಗದ್ದೆಯ ಮಣ್ಣಿಗೆ ಹಿಡಿದ ಉಪ್ಪನ್ನು ಮುಂಗಾರಿನ ಮೊದಲ ಮಳೆಗಳು ತೊಳೆದ ಮೇಲೆಯೇ ಮೊಳಕೆ ನೆಲೆಯೂರಬಲ್ಲದು. ಕೊಯ್ಲು ಮುಗಿದ ಬಳಿಕ ಗಜನಿಯ ಕಟ್ಟೆಯ ಬಾಗಿಲಿನ ಹಲಗೆಗಳನ್ನು ಉಬ್ಬರದ ಹೊತ್ತಿಗೆ ಎತ್ತುತ್ತಾರೆ. ಒಳನುಗ್ಗುವ ನೀರಿನ ಜೊತೆ ಸೀಗಡಿಯ ಮರಿಗಳು, ಮೀನಿನ ಮರಿಗಳು, ಏಡಿಗಳು ಗದ್ದೆಗೆ ಬರುತ್ತವೆ. ಕಡಲಲ್ಲಿ ಮೊಟ್ಟೆಯೊಡೆದ ಸೀಗಡಿಯ ಮರಿಗಳಿಗೆ ಬೆಳೆಯಲು ಕಡಿಮೆ ಉಪ್ಪಿನ, ಕಡಿಮೆ ಆಳದ, ಆಹಾರ ತುಂಬಿದ ಆಸರೆ ಬೇಕು. ಕೊಳೆಯುತ್ತಿರುವ ಕಗ್ಗದ ಕೂಳೆ ಅದನ್ನೆಲ್ಲ ಒದಗಿಸುತ್ತದೆ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ಹೊರಹೋಗುವ ನೀರಿನಲ್ಲಿ ಬೆಳೆದ ಸೀಗಡಿ, ಮೀನು ಸಿಗುತ್ತದೆ. ಒಂದೇ ಗದ್ದೆ ಆರು ತಿಂಗಳು ಅನ್ನ ಕೊಟ್ಟು ಉಳಿದ ತಿಂಗಳು ಮೀನು ಕೊಡುವ ಈ ಏರ್ಪಾಡು ನಿಂತಿರುವುದು ನೀರು ಸಿಹಿಯಾಗುವುದರ ಮೇಲೂ ಅಲ್ಲ, ಉಪ್ಪಾಗುವುದರ ಮೇಲೂ ಅಲ್ಲ. ಎರಡೂ ತಮ್ಮ ಸರದಿಗೆ ಸರಿಯಾಗಿ ಬರುವುದರ ಮೇಲೆ.

ಬಳಚಿನ ಬದುಕನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೀನಿನ ಹಾಗೆ ಮೈಯೊಳಗಿನ ಉಪ್ಪಿನ ಪ್ರಮಾಣವನ್ನು ಸುತ್ತಲಿನ ನೀರಿಗಿಂತ ಬೇರೆಯಾಗಿ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೊರಗಿನ ನೀರು ಹೇಗೋ ಒಳಗೂ ಹಾಗೆ. ಹಠಾತ್ತನೆ ಸಿಹಿನೀರು ಬಂದಾಗ ಅದು ಮಾಡಬಹುದಾದದ್ದು ಒಂದೇ, ಎರಡು ಚಿಪ್ಪುಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಕೆಸರಿನಲ್ಲಿ ಹುದುಗಿರುವುದು. ಚಿಪ್ಪು ಮುಚ್ಚಿದರೆ ಆಹಾರವೂ ಇಲ್ಲ, ಆಮ್ಲಜನಕವೂ ಇಲ್ಲ. ಆಮ್ಲಜನಕವಿಲ್ಲದೆ ನಡೆಯುವ ಉಸಿರಾಟದಿಂದ ಮೈಯಲ್ಲಿ ಆಮ್ಲ ಸೇರುತ್ತದೆ; ಅದನ್ನು ತಣಿಸಲು ತನ್ನದೇ ಚಿಪ್ಪಿನ ಸುಣ್ಣದಂಶವನ್ನು ಒಳಗಿನಿಂದ ಕರಗಿಸಿಕೊಳ್ಳುತ್ತದೆ. ಕೆಲವು ದಿನಗಳ ಮಟ್ಟಿಗೆ ಈ ಉಪಾಯ ನಡೆಯುತ್ತದೆ, ತಿಂಗಳುಗಟ್ಟಲೆ ಅಲ್ಲ. ಭಾರೀ ನೆರೆಯ ವರ್ಷಗಳಲ್ಲಿ ಬಳಚು ರಾಶಿ ರಾಶಿಯಾಗಿ ಸಾಯುವುದುಂಟು. ಆದರೂ ಮಳೆಗಾಲ ಮುಗಿದು ನೀರು ಉಪ್ಪಾಗತೊಡಗಿದಂತೆ ಉಳಿದವು ಮರಿಮಾಡುತ್ತವೆ, ನೀರಿನಲ್ಲಿ ತೇಲುವ ಮರಿಗಳು ಕಡಲ ಕಡೆಯಿಂದ ಬಂದು ಮತ್ತೆ ಮರಳುದಿಣ್ಣೆಗಳ ಮೇಲೆ ನೆಲೆಯೂರುತ್ತವೆ. ಒಳಗಿನ ಭಾಗದಲ್ಲಿ ಕಪ್ಪು ಚಿಪ್ಪಿನ ಇನ್ನೊಂದು ಬಳಚಿದೆ. ಅದಕ್ಕೆ ಬೇಕಾದದ್ದು ಹೆಚ್ಚು ಸಿಹಿ, ಕಡಿಮೆ ಉಪ್ಪು. ಹೀಗೆ ಬಾಯಿಯಿಂದ ಒಳಕ್ಕೆ ಸಾಗಿದಂತೆ ಒಂದೊಂದು ಜಾತಿಗೂ ತನ್ನ ಉಪ್ಪಿನ ಪಟ್ಟಿಯಿದೆ, ಆ ಪಟ್ಟಿ ಋತುವಿಗೆ ತಕ್ಕಂತೆ ಸರಿಯುತ್ತಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಕುಮಟಾದಲ್ಲಿ ಕ್ಷೇತ್ರ ಕೇಂದ್ರವನ್ನಿಟ್ಟುಕೊಂಡು ಈ ಅಳಿವೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರ ಅಂದಾಜಿನಂತೆ ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ತೆಗೆಯಲಾಗುತ್ತಿತ್ತು, ಸಾವಿರಾರು ಮಂದಿಗೆ ಅದರಿಂದ ನೇರ ಕೆಲಸ ಸಿಗುತ್ತಿತ್ತು. ಇಳಿತದ ಹೊತ್ತಿನಲ್ಲಿ ಸೊಂಟದ ಮಟ್ಟದ ನೀರಿಗಿಳಿದು, ಕಾಲಿನಿಂದ ತಡವಿ, ಕೈಯಿಂದ ಬಳಚು ಬಗೆದು ಬುಟ್ಟಿ ತುಂಬುವ ಹೆಂಗಸರಿಗೆ ಬಂಡವಾಳವೆಂದು ಬೇಕಾದದ್ದು ಬಹಳ ಕಡಿಮೆ. ದೋಣಿ, ಬಲೆ, ಎಂಜಿನ್ ಯಾವುದೂ ಇಲ್ಲದ ಮನೆಯಲ್ಲೂ ಅಳಿವೆ ಒಂದು ಹೊತ್ತಿನ ಪಲ್ಯವನ್ನು, ಒಂದಿಷ್ಟು ಕಾಸನ್ನು ಒದಗಿಸುತ್ತದೆ. ಅಭಿವೃದ್ಧಿಯ ಲೆಕ್ಕಪತ್ರಗಳಲ್ಲಿ ಕಾಣಿಸದ ಆದಾಯ ಇದು, ಆದ್ದರಿಂದಲೇ ಯೋಜನೆಗಳ ನಷ್ಟದ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಈಗ ಶರಾವತಿಗೆ ಬರೋಣ. ಲಿಂಗನಮಕ್ಕಿ ಜಲಾಶಯದ ಸಾಮರ್ಥ್ಯ ಸುಮಾರು 151 ಟಿಎಂಸಿ. ಅಲ್ಲಿ ನಿಂತ ಮಳೆಗಾಲದ ನೀರು ತಳಕಳಲೆ ಜಲಾಶಯದ ಮೂಲಕ ಹಾದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರದಲ್ಲಿ, ಆಮೇಲೆ ಗೇರುಸೊಪ್ಪೆಯ 240 ಮೆಗಾವಾಟ್‌ನ ಘಟಕಗಳಲ್ಲಿ ಟರ್ಬೈನ್ ತಿರುಗಿಸಿ ಹೊನ್ನಾವರದ ಕಡೆಗೆ ಹರಿಯುತ್ತದೆ. ವಿದ್ಯುತ್ತಿನ ಬೇಡಿಕೆ ವರ್ಷವಿಡೀ ಇರುತ್ತದೆ, ಬೇಸಿಗೆಯಲ್ಲಂತೂ ಹೆಚ್ಚು. ಹೀಗಾಗಿ ಸಹಜವಾಗಿ ಹೊಳೆ ಬತ್ತಿ ಉಪ್ಪುನೀರು ಒಳಗೇರಬೇಕಿದ್ದ ತಿಂಗಳುಗಳಲ್ಲೂ ಅಳಿವೆಗೆ ಸಿಹಿನೀರು ಬರುತ್ತಲೇ ಇರುತ್ತದೆ. ಒಟ್ಟು ನೀರಿನ ಲೆಕ್ಕ ಹಾಕಿದರೆ ಶರಾವತಿ ಕಳೆದುಕೊಂಡದ್ದು ಹೆಚ್ಚಿಲ್ಲ ಎಂದೇ ತೋರುತ್ತದೆ, ಏಕೆಂದರೆ ನೀರು ಕೊನೆಗೂ ಅದೇ ಕಡಲಿಗೆ ಸೇರುತ್ತದೆ. ಕಳೆದುಹೋದದ್ದು ಏರಿಳಿತ. ಉಪ್ಪು ಏರುವ ಸೂಚನೆಗಾಗಿ ಕಾದು ಮರಿಮಾಡುತ್ತಿದ್ದ ಬಳಚಿನ ಜಾತಿಗಳಿಗೆ ಆ ಸೂಚನೆ ಬರುವುದು ನಿಂತಿತು, ಚಿಪ್ಪು ಮುಚ್ಚಿಕೊಂಡು ಕೆಲವು ದಿನ ಕಳೆಯುವ ಉಪಾಯಕ್ಕೆ ಕೊನೆಯೇ ಇಲ್ಲದ ಸಿಹಿನೀರು ಎದುರಾಯಿತು. ಕಾಂಡ್ಲಾದಲ್ಲೂ ಹಾಗೆಯೇ ಆಯಿತು. ಉಪ್ಪುನೀರನ್ನು ಬಯಸುವ ರೈಜೋಫೋರಾ, ಅವಿಸೀನಿಯಾ ಜಾತಿಗಳು ಹಿಂದೆ ಸರಿದು, ಸಿಹಿನೀರಿಗೆ ಒಗ್ಗಿದ ಸೊನ್ನರೇಷಿಯಾ ಕ್ಯಾಸಿಯೋಲಾರಿಸ್ ಎದ್ದು ಕಾಣುವಂತಾಯಿತು.

ಇದನ್ನು ನಾಶ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸರಿಯಲ್ಲ. ಶರಾವತಿಯ ಅಳಿವೆ ಸತ್ತಿಲ್ಲ. ಬದಲಾದ ನೀರಿಗೆ ತಕ್ಕಂತೆ ಅದು ಮರುಜೋಡಣೆಗೊಂಡಿದೆ. ಹೊಸ ಕಾಂಡ್ಲಾ ಕಾಡಿಗೂ ತನ್ನದೇ ಹಕ್ಕಿ, ಮೀನು, ಕೀಟಗಳಿವೆ. ಕೆಳದಂಡೆಯ ತೋಟದವರು, ಬಾವಿಯ ನೀರು ಕುಡಿಯುವವರು ಆರು ದಶಕಗಳಿಂದ ಬೇಸಿಗೆಯ ಸಿಹಿನೀರಿಗೆ ಹೊಂದಿಕೊಂಡಿದ್ದಾರೆ. ಆದ್ದರಿಂದಲೇ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಅಲ್ಲಿನವರು ಕೇಳುವ ಪ್ರಶ್ನೆ ನ್ಯಾಯವಾದದ್ದು. ಆ ಯೋಜನೆಯಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ತಳಕಳಲೆಗೆ ಎತ್ತಿ, ಬೇಡಿಕೆ ಹೆಚ್ಚಿದಾಗ ಮತ್ತೆ ಕೆಳಗಿಳಿಸಿ ವಿದ್ಯುತ್ ತಯಾರಿಸುವ ಉದ್ದೇಶವಿದೆ. ಒಂದೇ ನೀರು ಮೇಲೆ ಕೆಳಗೆ ಸುತ್ತುವುದರಿಂದ ನದಿಗೆ ನಷ್ಟವಿಲ್ಲ ಎಂಬ ಸಮರ್ಥನೆ ವರ್ಷದ ಲೆಕ್ಕದಲ್ಲಿ ಸರಿಯಿರಬಹುದು. ಆದರೆ ಗೇರುಸೊಪ್ಪೆಯಿಂದ ಕೆಳಗೆ ದಿನದ ಯಾವ ಹೊತ್ತಿನಲ್ಲಿ, ಯಾವ ತಿಂಗಳಲ್ಲಿ ಎಷ್ಟು ನೀರು ಬಿಡುತ್ತಾರೆ ಎಂಬುದು ಬದಲಾದರೆ ಉಪ್ಪಿನ ಗೆರೆ ಮತ್ತೆ ಸರಿಯುತ್ತದೆ. ಅರವತ್ತು ವರ್ಷಗಳ ಬಳಿಕ ಉಪ್ಪುನೀರು ಅನಿಯಮಿತವಾಗಿ ಹಿಂದಿರುಗಿದರೆ ಹಳೆಯ ಅಳಿವೆ ಮರಳಿ ಸಿಗುವುದಿಲ್ಲ, ಈಗಿನದೂ ಉಳಿಯುವುದಿಲ್ಲ. ಹಳೆಯ ಜಾತಿಗಳಿಗೆ ಬೇಕಾದದ್ದು ಕ್ರಮಬದ್ಧವಾದ ಏರಿಳಿತವೇ ಹೊರತು ವಿದ್ಯುತ್ ಜಾಲದ ಬೇಡಿಕೆಗೆ ತಕ್ಕಂತೆ ಗಂಟೆಗಂಟೆಗೆ ತಿರುಗುವ ನೀರಲ್ಲ.

ನೆಲದ ರೂಪವೂ ಇದೇ ರೀತಿ ಪ್ರತಿಕ್ರಿಯಿಸುತ್ತದೆ, ಆದರೆ ಅದರ ಗಡಿಯಾರ ನಿಧಾನ. ನದಿ ಕಡಲಿಗೆ ಒಯ್ಯುವುದು ನೀರನ್ನು ಮಾತ್ರವಲ್ಲ, ಮರಳನ್ನೂ ಮೆಕ್ಕಲನ್ನೂ. ಮಳೆಗಾಲದ ಅಲೆ ಮತ್ತು ಪ್ರವಾಹಗಳು ದಡದ ಮರಳನ್ನು ಒಂದು ದಿಕ್ಕಿಗೆ ಒಯ್ಯುತ್ತವೆ, ಉಳಿದ ತಿಂಗಳುಗಳಲ್ಲಿ ಬಹುಪಾಲು ಮರಳು ಹಿಂದಿರುಗುತ್ತದೆ. ಅಳಿವೆಯ ಬಾಯಲ್ಲಿ ಬೆರಳಿನಂತೆ ಚಾಚಿರುವ ಮರಳುದಿಬ್ಬಗಳು ಹುಟ್ಟುವುದು, ಉದ್ದವಾಗುವುದು, ಒಂದು ನೆರೆಗೆ ಕತ್ತರಿಸಿಹೋಗುವುದು ನದಿ ಮತ್ತು ಕಡಲು ಎಂಬ ಎರಡು ಬಲಗಳ ನಡುವಿನ ಸಮತೋಲದಿಂದ. ಮೇಲಿನ ಜಲಾಶಯ ಮೆಕ್ಕಲನ್ನು ಹಿಡಿದಿಟ್ಟರೆ, ಕೆಳಗಿನ ಪಾತ್ರದಲ್ಲಿ ಮರಳು ಗಣಿಗಾರಿಕೆ ಉಳಿದದ್ದನ್ನು ಎತ್ತಿದರೆ, ಕಡಲಿಗೆ ಸಲ್ಲಬೇಕಾದ ಪಾಲು ಕಡಿಮೆಯಾಗುತ್ತದೆ. ಕಡಲು ತನ್ನ ಪಾಲನ್ನು ದಡದಿಂದಲೇ ತೆಗೆದುಕೊಳ್ಳುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬರಬೇಕೆಂಬ ಯೋಜನೆಯನ್ನು ಮೀನುಗಾರ ಕುಟುಂಬಗಳು ವರ್ಷಗಳಿಂದ ವಿರೋಧಿಸುತ್ತಿರುವುದಕ್ಕೆ ಜೀವನೋಪಾಯ ಒಂದು ಕಾರಣ, ಆ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ ಎಂಬುದು ಇನ್ನೊಂದು. ಮೂರನೆಯದನ್ನು ಭೂವಿಜ್ಞಾನ ಸೇರಿಸುತ್ತದೆ. ಚಲಿಸುವ ಮರಳಿನ ಮೇಲೆ ಕಲ್ಲಿನ ತಡೆಗೋಡೆ ಕಟ್ಟಿದರೆ ಒಂದು ಬದಿಯಲ್ಲಿ ಮರಳು ಕೂಡುತ್ತದೆ, ಇನ್ನೊಂದು ಬದಿಯಲ್ಲಿ ಕೊರೆತ ಶುರುವಾಗುತ್ತದೆ. ನೇತ್ರಾವತಿಯ ಅಳಿವೆಬಾಗಿಲಿನ ದಕ್ಷಿಣಕ್ಕಿರುವ ಉಳ್ಳಾಲದವರು ಕಡಲ್ಕೊರೆತದೊಂದಿಗೆ ದಶಕಗಳಿಂದ ಹೆಣಗುತ್ತಿದ್ದಾರೆ.

ಮನುಷ್ಯ ಕಟ್ಟಿದ ಕಟ್ಟೆ ಅಳಿವೆಯನ್ನು ಹೇಗೆ ಬದಲಾಯಿಸಬಲ್ಲದು ಎಂಬುದಕ್ಕೆ ಅಘನಾಶಿನಿಯಲ್ಲೂ ಒಂದು ಪಾಠ ಇದೆ. 1970ರ ದಶಕದಲ್ಲಿ, ಉಪ್ಪುನೀರು ನುಗ್ಗದಂತೆ ಜಮೀನನ್ನು ಕಾಯುವ ಖಾರ್‌ಲ್ಯಾಂಡ್ ಯೋಜನೆಯಡಿ ಗಜನಿಗಳಿಗೆ ಶಾಶ್ವತ ಕಟ್ಟೆಗಳು ಬಂದವು. ಊರವರು ವರ್ಷವರ್ಷವೂ ಮಣ್ಣಿನಿಂದ ಕಟ್ಟಿಕೊಳ್ಳುತ್ತಿದ್ದ ಒಡ್ಡುಗಳಿಗಿಂತ ಇವು ಗಟ್ಟಿ, ಆದರೆ ಕಟ್ಟೆಯಂಚಿನ ಕಾಂಡ್ಲಾಕ್ಕೆ ಉಬ್ಬರದ ನೀರು ತಪ್ಪಿತು. ಮುಂದೆ ಸೀಗಡಿಗೆ ಒಳ್ಳೆಯ ಬೆಲೆ ಬಂದಾಗ ಗಜನಿಗಳು ಸೀಗಡಿ ಕೊಳಗಳಾದವು, ಕಗ್ಗ ಹಿಂದೆ ಬಿತ್ತು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ಸೀಗಡಿ ಕೃಷಿ ಕುಸಿದಾಗ ಹಲವು ಕೊಳಗಳು ಪಾಳುಬಿದ್ದವು. ಆ ಮೇಲೆ ನಡೆದದ್ದು ಆಶಾದಾಯಕ. ಒಡೆದ ಕಟ್ಟೆಗಳ ಒಳಕ್ಕೆ ಉಬ್ಬರ ಮತ್ತೆ ಬಂತು, ಅದರೊಡನೆ ಕಾಂಡ್ಲಾದ ಬೀಜಗಳೂ ಬಂದವು. ಅರಣ್ಯ ಇಲಾಖೆಯೂ ನೆಟ್ಟಿತು. ಇಂದು ಅಳಿವೆಯಲ್ಲಿ ಕಾಣುವ ಹಸಿರಿನ ಒಂದು ಪಾಲು ಹೀಗೆ ಮರಳಿ ಬಂದದ್ದು. ನೀರಿನ ಏರಿಳಿತ ಉಳಿದಿದ್ದರಿಂದ ಈ ಚೇತರಿಕೆ ಸಾಧ್ಯವಾಯಿತು ಎಂಬುದು ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ವ್ಯಾಪ್ತಿಯ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಇನ್ನು ಹವಾಮಾನ. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ ಬಂತು, ಆ ವರ್ಷದ ಆಗಸ್ಟ್ ದೇಶದ ಮಟ್ಟದಲ್ಲಿ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಆಗಿತ್ತು. 2025ರಲ್ಲಿ ಮೇ 24ಕ್ಕೇ ಬಂತು. ಇದಕ್ಕೂ ಮುನ್ನ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯಲ್ಲಿ ಅಬ್ಬರಿಸಿತು. ಅರಬ್ಬಿ ಸಮುದ್ರ ಕಾದಂತೆ ಇಂಥ ಚಂಡಮಾರುತಗಳು ಹೆಚ್ಚಿವೆ. ಅಳಿವೆಯ ದೃಷ್ಟಿಯಲ್ಲಿ ಮೇ ತಿಂಗಳ ಜಡಿಮಳೆಗೂ ಜುಲೈನ ಜಡಿಮಳೆಗೂ ಬಹಳ ಅಂತರವಿದೆ. ಉಪ್ಪು ತುತ್ತತುದಿಗೆ ಏರಿದ್ದಾಗ ಬೀಳುವ ಮಳೆ ಆಗರಗಳ ಉಪ್ಪನ್ನು ಕರಗಿಸುತ್ತದೆ, ಸಿಹಿನೀರಿಗೆ ಇನ್ನೂ ಅಣಿಯಾಗದ ಜೀವಿಗಳಿಗೆ ಪೆಟ್ಟು ಕೊಡುತ್ತದೆ. ಮಳೆ ತಡವಾದರೆ ಕಗ್ಗದ ಗದ್ದೆಯ ಉಪ್ಪು ತೊಳೆಯುವುದೂ ತಡವಾಗುತ್ತದೆ. ಇದರ ಜೊತೆಗೆ ಕಡಲಮಟ್ಟ ವರ್ಷಕ್ಕೆ ಮೂರು ಮಿಲಿಮೀಟರಿಗೂ ಹೆಚ್ಚು ಏರುತ್ತಿದೆ. ಕಾಂಡ್ಲಾ ಕಾಡು ಬೇರುಗಳ ನಡುವೆ ಮೆಕ್ಕಲು ಹಿಡಿದು ತನ್ನ ನೆಲವನ್ನು ತಾನೇ ಎತ್ತರಿಸಿಕೊಳ್ಳಬಲ್ಲದು, ಅಥವಾ ನಿಧಾನವಾಗಿ ಒಳನಾಡಿನ ಕಡೆ ಸರಿಯಬಲ್ಲದು. ಮೊದಲನೆಯದಕ್ಕೆ ನದಿಯ ಮೆಕ್ಕಲು ಬೇಕು, ಎರಡನೆಯದಕ್ಕೆ ಹಿಂದೆ ಗೋಡೆ, ರಸ್ತೆ, ಕಟ್ಟಡಗಳಿಲ್ಲದ ತೆರೆದ ಜಾಗ ಬೇಕು. ಎರಡನ್ನೂ ತಪ್ಪಿಸಿದರೆ ಗಿಡ ನೆಡುವ ಯಾವ ಕಾರ್ಯಕ್ರಮವೂ ಅದನ್ನು ಉಳಿಸಲಾರದು.

ಈ ಹಿನ್ನೆಲೆಯಲ್ಲಿ ಅಘನಾಶಿನಿ–ವೇದಾವತಿ, ಬೇಡ್ತಿ–ವರದಾ ತಿರುವು ಯೋಜನೆಗಳ ಪ್ರಸ್ತಾವವನ್ನು ನೋಡಬೇಕು. ಬಯಲುಸೀಮೆಯ ನೀರಿನ ಕಷ್ಟ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವ ಹಕ್ಕು ಘಟ್ಟದ ಮೇಲಿನವರಿಗಾಗಲಿ ಕೆಳಗಿನವರಿಗಾಗಲಿ ಇಲ್ಲ. ಆದರೆ ಮಳೆಗಾಲದಲ್ಲಿ ಹೆಚ್ಚುವರಿಯಾಗಿ ಹರಿದು ಸಮುದ್ರಕ್ಕೆ ವ್ಯರ್ಥವಾಗುವ ನೀರನ್ನಷ್ಟೇ ತೆಗೆಯುತ್ತೇವೆ ಎಂಬ ವಾದ ಅಳಿವೆಯ ವಿಜ್ಞಾನದ ಮುಂದೆ ನಿಲ್ಲುವುದಿಲ್ಲ. ಮಣ್ಣಿನ ಉಪ್ಪನ್ನು ತೊಳೆಯುವುದು, ಮರಳನ್ನು ಬಾಯಿಯವರೆಗೆ ಒಯ್ಯುವುದು, ಅಳಿವೆಬಾಗಿಲನ್ನು ಆಳವಾಗಿ ತೆರೆದಿಡುವುದು, ಘಟ್ಟದ ಕಾಡಿನ ತರಗೆಲೆಯ ಸಾರವನ್ನು ಕಡಲಿನ ಮೀನಿಗೆ ತಲುಪಿಸುವುದು, ಇವೆಲ್ಲವೂ ಆ ಮಳೆಗಾಲದ ಮಹಾಪೂರದ ಕೆಲಸಗಳು. ಶರಾವತಿಯಲ್ಲಿ ಬೇಸಿಗೆಗೆ ಸಿಹಿನೀರು ಸೇರಿಸಿ ಕ್ರಮವನ್ನು ಮುರಿದೆವು. ತಿರುವು ಯೋಜನೆಯಲ್ಲಿ ಮಳೆಗಾಲದ ಸಿಹಿನೀರನ್ನು ಕಳೆದು ಮುರಿಯುತ್ತೇವೆ. ದಿಕ್ಕು ವಿರುದ್ಧವಾದರೂ ಎರಡರಲ್ಲೂ ಮುರಿಯುವುದು ಆ ಒಂದೇ ಕ್ರಮ.

ಪರಿಸರ ಪರಿಣಾಮದ ಅಧ್ಯಯನಗಳು ಸಾಮಾನ್ಯವಾಗಿ ಯೋಜನಾ ಸ್ಥಳದ ಸುತ್ತಲಿನ ಹತ್ತು ಕಿಲೋಮೀಟರ್ ವ್ಯಾಪ್ತಿಯನ್ನು ಗಮನಿಸುತ್ತವೆ. ಘಟ್ಟದ ಮೇಲೆ ನದಿಯನ್ನು ತಡೆದಾಗ ಪರಿಣಾಮಕ್ಕೆ ಒಳಗಾಗುವ ಅಳಿವೆ ಆ ವ್ಯಾಪ್ತಿಗಿಂತ ಬಹಳ ದೂರದಲ್ಲಿರುತ್ತದೆ, ಹಾಗಾಗಿ ಅಧ್ಯಯನದ ನಕಾಶೆಯೊಳಗೆ ಅದು ಬರುವುದೇ ಇಲ್ಲ. ಮೊದಲು ತಿದ್ದಬೇಕಾದದ್ದು ಇದನ್ನು. ಯಾವುದೇ ಯೋಜನೆಗೆ ಒಪ್ಪಿಗೆ ಕೊಡುವ ಮುನ್ನ ತದಡಿಯಿಂದ ದಿವಗಿಯಾಚೆಯವರೆಗೆ, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಹಲವು ಜಾಗಗಳಲ್ಲಿ, ಮೇಲ್ಪದರದಲ್ಲೂ ತಳದಲ್ಲೂ, ಮಳೆ ಹೆಚ್ಚಿದ ವರ್ಷವನ್ನೂ ಕಡಿಮೆಯಾದ ವರ್ಷವನ್ನೂ ಒಳಗೊಳ್ಳುವಷ್ಟು ಕಾಲ ಉಪ್ಪಿನ ಪ್ರಮಾಣವನ್ನು ಅಳೆದು ಸಾರ್ವಜನಿಕವಾಗಿ ಪ್ರಕಟಿಸಬೇಕು. ಹರಿದುಬರುವ ಮೆಕ್ಕಲನ್ನೂ ಅಳೆಯಬೇಕು. ಗೇರುಸೊಪ್ಪೆಯಿಂದ ಬಿಡುವ ನೀರಿನ ದಿನವಾರು ಲೆಕ್ಕ ಕೆಳದಂಡೆಯ ಗ್ರಾಮ ಪಂಚಾಯಿತಿಗಳಿಗೆ ಸಿಗಬೇಕು. ಅಹವಾಲು ಸಭೆಗಳಿಗೆ ಜಮೀನು ಕಳೆದುಕೊಳ್ಳುವವರನ್ನು ಮಾತ್ರ ಕರೆದರೆ ಸಾಲದು. ಬಳಚು ಹೆಕ್ಕುವ ಹೆಂಗಸರು, ಗಜನಿಯ ರೈತರು, ಆಗರದ ಕೆಲಸಗಾರರು, ಶರಾವತಿಯ ಸಿಹಿನೀರಿಗೆ ಒಗ್ಗಿಕೊಂಡ ತೋಟದವರು, ಇವರೆಲ್ಲರೂ ಆ ನೀರಿನ ಮೇಲೆ ಬದುಕು ಕಟ್ಟಿಕೊಂಡವರು. ಸಭೆಯಲ್ಲಿ ಅವರಿಗೂ ಅಷ್ಟೇ ಜಾಗವಿರಬೇಕು, ಅವರ ಹೇಳಿಕೆಗಳು ಕಡತದಲ್ಲಿ ದಾಖಲಾಗಬೇಕು.